ಬೋಕಿಯ ಮೇಲಿನ ಅಂಕಿ

ಪ್ರಾಕ್ತನಶಾಸ್ತ್ರವೆಂದರೆ ಗುದ್ದಲಿಯ ಶಾಸ್ತ್ರವೆಂದು ನಮ್ಮಲ್ಲಿ ಬಹಳ ಮಂದಿ ಭಾವಿಸಿದ್ದಾರೆ. ನಾನೂ ಹಾಗೆಯೇ ಭಾವಿಸಿ, ಸುಮಾರು ಅರ್ಧ ಶತಮಾನದ ಹಿಂದೆ, ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಯನ್ನು ಸೇರಿದೆ. ಬಿಸಿಲಿನಲ್ಲಿ ಹಾಳುದಿಬ್ಬಗಳನ್ನು ಅಗೆಯುವುದು, ಸಂಜೆ ಡೇರೆಯ ಮುಂದೆ ಕುಳಿತು ದಿನದ ಸಂಪಾದನೆಯನ್ನು ಎಣಿಸುವುದು, ಇದೇ ನನ್ನ ಕಣ್ಣ ಮುಂದಿದ್ದ ಚಿತ್ರ. ಆದರೆ ಆ ಎರಡು ವರ್ಷಗಳಲ್ಲಿ ನಾನು ಗುದ್ದಲಿ ಹಿಡಿದದ್ದು ಕೇವಲ ಹತ್ತೊಂಬತ್ತು ದಿನ. ಮಿಕ್ಕ ದಿನಗಳೆಲ್ಲ ಪುಸ್ತಕಭಂಡಾರಗಳಲ್ಲಿಯೂ ವಸ್ತುಸಂಗ್ರಹಾಲಯಗಳ ಉಗ್ರಾಣಗಳಲ್ಲಿಯೂ ಕಳೆದುವು. ಆಗ ಕಲಿತದ್ದರಲ್ಲಿ ಕೆಲವನ್ನು, ಆಗ ಮಾಡಿದ ಒಂದು ತಪ್ಪನ್ನೂ ಸೇರಿಸಿ, ಈಗ ಈ ಶಾಸ್ತ್ರವನ್ನು ಅಭ್ಯಾಸ ಮಾಡಹೊರಟಿರುವ ತರುಣ ತರುಣಿಯರ ಮುಂದೆ ಇಡಬೇಕೆಂದಿದ್ದೇನೆ.

ಕರ್ನಾಟಕದ ನೂತನ ಶಿಲಾಯುಗದ ನೆಲೆಗಳನ್ನು ಕುರಿತು ಒಂದು ಪ್ರಬಂಧ ಬರೆದು ತರುವಂತೆ ನಮ್ಮ ಗುರುಗಳು ಹೇಳಿದರು. ನಾನು ನೇರವಾಗಿ ಪುಸ್ತಕಭಂಡಾರಕ್ಕೆ ಹೋಗಿ, ಕರ್ನಾಟಕದ ಪ್ರಾಕ್ತನ ವರದಿಗಳೆಲ್ಲ ಬೇಕೆಂದು ಕೇಳಿದೆ. ಅಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಯಾವ ಸರ್ಕಾರದ್ದಪ್ಪಾ?" ಎಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮ ಸರ್ಕಾರದ್ದೇ ಸ್ವಾಮಿ" ಎಂದೆ. ಅವರು ನಕ್ಕು, ನಾಲ್ಕು ಬೇರೆ ಬೇರೆ ಕಪಾಟುಗಳನ್ನು ತೋರಿಸಿದರು.

ಆ ಪ್ರಶ್ನೆಯ ಅರ್ಥ ನನಗೆ ತಿಳಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ನಾಡಿನ ನೆಲದೊಳಗಿನ ವಸ್ತುಗಳನ್ನು ಹುಡುಕಿ ಬರೆದಿಟ್ಟ ಕೆಲಸ ಮಾತ್ರ ಅದಕ್ಕಿಂತ ಬಹು ಹಿಂದಿನದು. ಆ ಬರಹಗಳು ಇಂದಿಗೂ ಹಳೆಯ ಗಡಿಗಳೊಳಗೇ ಬಾಳುತ್ತಿವೆ. ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದು ನಿಜಾಮರ ಸೀಮೆ. ಆದುದರಿಂದ ಅದು ಪ್ರಕಟವಾದದ್ದು ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ. ಬಳ್ಳಾರಿ ಮದರಾಸಿಗೆ ಸೇರಿತ್ತು. ಧಾರವಾಡ, ಬಿಜಾಪುರ, ಬೆಳಗಾವಿಗಳ ಶಾಸನಗಳನ್ನು ಫ್ಲೀಟ್ ಸಾಹೇಬರು 1872ರಲ್ಲಿ ಆರಂಭವಾದ 'ಇಂಡಿಯನ್ ಆಂಟಿಕ್ವೆರಿ'ಯ ಸಂಪುಟಗಳಲ್ಲಿ ಬಿತ್ತಿಟ್ಟಿದ್ದಾರೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಹುಟ್ಟಿದ್ದೂ ಮುಂಬಯಿ ಸರ್ಕಾರದ ಕಾಲದಲ್ಲಿಯೇ. ಮೈಸೂರಿನವರು ಮಾತ್ರ ಅದೃಷ್ಟವಂತರು. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳೂ, ಮೈಸೂರು ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಗಳೂ ಅವರಿಗೆ ಒಂದೇ ಕಪಾಟಿನಲ್ಲಿ ಸಿಕ್ಕುತ್ತವೆ. ಇಲ್ಲಿಯೂ ಒಂದು ತೊಡಕುಂಟು. 1972ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳ ಸಂಖ್ಯೆಗಳು ರೈಸ್ ಅವರ ಸಂಖ್ಯೆಗಳಲ್ಲ. ಹಳೆಯ ಗ್ರಂಥದ ಅಡಿಟಿಪ್ಪಣಿಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದು, ಇನ್ನಾವುದೋ ಊರಿನ ದಾನಶಾಸನವನ್ನು ಓದಿ ಬೆರಗಾದವರು ನನ್ನ ತರಗತಿಯಲ್ಲಿಯೇ ಇದ್ದರು.

ಇನ್ನು ವಸ್ತುಗಳ ಮಾತು. ನಮ್ಮ ದೇಶದ ಶಿಲಾಯುಗದ ಅಧ್ಯಯನಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನದ ಕೆಲಸದ ಮೇಲೆ ತಿರುಗಾಡುತ್ತಲೇ ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳಲ್ಲಿ ಕಲ್ಲುಗೊಡಲಿಗಳನ್ನೂ ಮಡಕೆಯ ಬೋಕಿಗಳನ್ನೂ ಕೂಡಿಸಿದವರು. ಅವರ ಸಂಗ್ರಹ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಆದುದರಿಂದ ಬಳ್ಳಾರಿಯ ಹುಡುಗ ತನ್ನ ಊರ ಗುಡ್ಡದ ಕೊಡಲಿಯನ್ನು ಕಾಣಬೇಕಾದರೆ ಎಗ್ಮೋರಿಗೆ ರೈಲು ಹತ್ತಬೇಕು. ಇದನ್ನು ದೂರೆಂದು ಹೇಳುತ್ತಿಲ್ಲ. ಫೂಟ್ 1912ರಲ್ಲಿ ತೀರಿಕೊಂಡ ಮೇಲೆ, 1914ರಲ್ಲಿ ಆ ಸಂಗ್ರಹದ ವಿವರವಾದ ಪಟ್ಟಿಯೂ 1916ರಲ್ಲಿ ಟಿಪ್ಪಣಿಗಳ ಸಂಪುಟವೂ ಅಚ್ಚಾದುವು. ಯಾವ ಊರು, ಯಾವ ವಸ್ತು, ಯಾವ ಸಂಖ್ಯೆ ಎಂಬುದೆಲ್ಲ ಅಲ್ಲಿದೆ. ರೈಲು ಹತ್ತುವ ಮೊದಲೇ ಆ ಪಟ್ಟಿಯನ್ನು ಓದಿಕೊಂಡು ಹೋದವನಿಗೆ ಒಂದು ದಿನದಲ್ಲಿ ಆಗುವ ಕೆಲಸ, ಓದದೆ ಹೋದವನಿಗೆ ಒಂದು ವಾರದಲ್ಲಿಯೂ ಆಗದು.

ನನ್ನ ಪ್ರಬಂಧದ ಗತಿಯನ್ನೂ ಹೇಳಿಬಿಡುತ್ತೇನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಮೊದಲು ಅಗೆಸಿದವರು ಮೈಸೂರಿನ ಡಾ. ಎಂ. ಎಚ್. ಕೃಷ್ಣ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮತ್ತೆ ಉತ್ಖನನ ನಡೆಸಿ, 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ವರದಿಯನ್ನು ಪ್ರಕಟಿಸಿದರು. ಎಂಥ ಸೊಗಸಾದ ವರದಿ! ಸ್ತರಗಳ ನಕ್ಷೆಗಳು, ಮಡಕೆಗಳ ರೇಖಾಚಿತ್ರಗಳು, ಎಲ್ಲವೂ ಅಚ್ಚುಕಟ್ಟು. ಅದನ್ನು ಓದಿದ ಮೇಲೆ ಬೇರೇನೂ ಬೇಡವೆನಿಸಿತು. ವೀಲರ್ ತಮ್ಮ ಕಾಲಗಣನೆಯನ್ನು ಅರಿಕಮೇಡಿನಲ್ಲಿ ರೋಮನ್ ವಸ್ತುಗಳ ಜೊತೆ ದೊರೆತ ಮಡಕೆಗಳ ಆಧಾರದಿಂದ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಅಂದಾಜು ಮಾಡುತ್ತ, ಕಲ್ಲುಗೊಡಲಿಯ ಜನರನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದಲ್ಲಿ ಇರಿಸಿದ್ದರು. ನಾನೂ ಅಲ್ಲಿಯೇ ಇರಿಸಿದೆ. ಪ್ರಬಂಧ ಹಿಂದಿರುಗಿ ಬಂದಾಗ ಅಂಚಿನಲ್ಲಿ ಗುರುಗಳ ಕೈಬರಹದಲ್ಲಿ ಒಂದೇ ಒಂದು ಪದವಿತ್ತು: "ಉಟ್ನೂರು?"

ಉಟ್ನೂರು ಇಂದಿನ ತೆಲಂಗಾಣದಲ್ಲಿರುವ ಒಂದು ಬೂದಿದಿಬ್ಬ. ಆಲ್ಚಿನ್ ಅದನ್ನು 1957ರಲ್ಲಿ ಅಗೆಸಿದ್ದರು. ಅಲ್ಲಿಯ ಇಂಗಾಲ 14ರ ಪರೀಕ್ಷೆ ದಕ್ಷಿಣದ ನೂತನ ಶಿಲಾಯುಗವನ್ನು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಕೊಂಡೊಯ್ದಿತ್ತು. ಅವರ ಗ್ರಂಥ 1963ರಲ್ಲಿಯೇ ಬಂದಿತ್ತು. ನಾನು ಕುಳಿತು ಓದುತ್ತಿದ್ದ ಮೇಜಿನಿಂದ ಮೂರು ಮಾರು ದೂರದ ಕಪಾಟಿನಲ್ಲಿಯೇ ಇತ್ತು. ನಾನು ಒಂದು ಸಾವಿರ ವರ್ಷಕ್ಕೂ ಹೆಚ್ಚಿನ ಕಾಲವನ್ನು ಮೂರು ಮಾರಿನಲ್ಲಿ ಕಳೆದುಕೊಂಡಿದ್ದೆ. ವೀಲರರ ನಕ್ಷೆಗಳು ಇಂದಿಗೂ ಉಪಯುಕ್ತವೇ. ಹಳೆಯ ವರದಿಯಲ್ಲಿ ಸ್ತರವನ್ನು ನಂಬಬೇಕು, ತಾರೀಖನ್ನು ಮಾತ್ರ ಮುಂದಿನ ವರದಿಗಳಲ್ಲಿ ಹುಡುಕಿ ನೋಡಬೇಕು. ಅಂಥ ಹುಡುಕಾಟಕ್ಕೆ 1953-54ರಿಂದ ಕೇಂದ್ರ ಇಲಾಖೆಯವರು ವರ್ಷವರ್ಷದ ಕೆಲಸವನ್ನು ಸಂಗ್ರಹಿಸಿ ಪ್ರಕಟಿಸಿದ 'ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ' ಒಳ್ಳೆಯ ಕೈದೀವಿಗೆ.

ಈಗ ಈ ಹಳೆಯ ಸಂಪುಟಗಳಲ್ಲಿ ಎಷ್ಟೋ ಗಣಕಯಂತ್ರದ ತೆರೆಯ ಮೇಲೆಯೇ ದೊರೆಯುತ್ತವೆ. ದೊಡ್ಡ ಅನುಕೂಲ. ಆದರೆ ಮಡಿಸಿಟ್ಟ ನಕ್ಷೆಗಳನ್ನು ಬಿಡಿಸದೆಯೇ ಚಿತ್ರ ತೆಗೆದಿರುವುದುಂಟು. ನಕ್ಷೆಯಿಲ್ಲದ ಉತ್ಖನನ ವರದಿ ತಾಳವಿಲ್ಲದ ಕೀರ್ತನೆ. ಅಂಥ ಕಡೆ ಮೂಲ ಪುಸ್ತಕವನ್ನೇ ಅರಸಿಕೊಂಡು ಹೋಗಬೇಕು.

ಶಾಸನಗಳ ವಿಷಯದಲ್ಲಿಯೂ ಅಷ್ಟೆ. ಆತಕೂರಿನ ಕ್ರಿ.ಶ. 949ರ ಶಾಸನದ ಪಾಠವನ್ನು ನಾನು ಅಚ್ಚಿನಲ್ಲಿ ಹತ್ತು ಸಲ ಓದಿದ್ದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಮುಂದೆ ನಿಂತಾಗಲೇ, ಮಣಲೆರನ ನಾಯಿ ಕಾಳಿಯೂ ಹಂದಿಯೂ ಒಂದರ ಮೇಲೊಂದು ಬಿದ್ದು ಹೋರಾಡುವ ಆ ಕೆತ್ತನೆ ನನ್ನನ್ನು ಹಿಡಿದು ನಿಲ್ಲಿಸಿದ್ದು. ಓದು ಹತ್ತು ಸಲವಾದರೂ ಆ ನಾಯಿಯನ್ನು ನಾನು ಕಂಡಿರಲಿಲ್ಲ.

ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳು ಸಾರ್ವಜನಿಕರಿಗೆ. ವಿದ್ಯಾರ್ಥಿಗೆ ಬೇಕಾದದ್ದು ಹಿಂದಿನ ಕೋಣೆ, ಅಲ್ಲಿಯ ದಾಖಲೆ ಪುಸ್ತಕ. ವಿಭಾಗದ ಮುಖ್ಯಸ್ಥರ ಪತ್ರವೊಂದನ್ನು ಮುಂಚಿತವಾಗಿ ಕಳುಹಿಸಿ, ಯಾವ ನೆಲೆಯ ಯಾವ ವಸ್ತು ಬೇಕೆಂದು ಸ್ಪಷ್ಟವಾಗಿ ಬರೆದರೆ, ನನ್ನ ಅನುಭವದಲ್ಲಿ, ಬೇಡವೆಂದವರು ಕಡಿಮೆ. "ನಿಮ್ಮಲ್ಲಿರುವುದನ್ನೆಲ್ಲ ನೋಡಬೇಕು" ಎಂದು ಬರೆದರೆ ಉತ್ತರವೇ ಬರುವುದಿಲ್ಲ.

ಇನ್ನು ನನ್ನ ತಪ್ಪು. ನಾನು ಓದುತ್ತಿದ್ದ ಕಡೆ ಒಂದು ಚಿಕ್ಕ ಸಂಗ್ರಹವಿತ್ತು. ನಮಗಿಂತ ಹಿಂದಿನವರು ಅಗೆದು ತಂದ ಬೋಕಿಗಳು ಮರದ ಪೆಟ್ಟಿಗೆಯಲ್ಲಿ ಧೂಳು ಹಿಡಿದು ಬಿದ್ದಿದ್ದುವು. ರಜೆಯಲ್ಲಿ ಅವನ್ನು ಒಪ್ಪಮಾಡುವ ಕೆಲಸ ನನಗೆ ಬಂತು. ಉತ್ಸಾಹದಿಂದ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಕುಂಚದಿಂದ ಉಜ್ಜಿ, ಬಿಸಿಲಿಗೆ ಹರಡಿದೆ. ಸಂಜೆ ನೋಡಿದರೆ ಬೋಕಿಗಳು ಹೊಳೆಯುತ್ತಿದ್ದುವು. ಒಳಮೈಯಲ್ಲಿ ಸಾಮಾನ್ಯ ಶಾಯಿಯಿಂದ ಬರೆದಿದ್ದ ಅಂಕಿಗಳು ಮಾತ್ರ ಇರಲಿಲ್ಲ.

ಆ ನೆಲೆಯಲ್ಲಿ ಅಂದು ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆ ಕಲ್ಲುಗೊಡಲಿಯ ಸ್ತರದಲ್ಲಿಯೂ ಬೆರೆತು ದೊರೆಯಿತೇ, ಅಥವಾ ಅದರ ಮೇಲಿನ ಸ್ತರದಲ್ಲಿ ಮಾತ್ರವೇ? ಹಳಬರು ಹೊಸಬರೊಡನೆ ಬಾಳಿದರೋ, ಹೊಸಬರು ಬರುವ ವೇಳೆಗೆ ಇಲ್ಲವಾಗಿದ್ದರೋ ಎಂಬುದು ಆ ಉತ್ತರದ ಮೇಲೆ ನಿಂತಿತ್ತು. ಉತ್ತರವಿದ್ದದ್ದು ಆ ಅಂಕಿಗಳಲ್ಲಿ.

ಗುರುಗಳು ಬೈಯಲಿಲ್ಲ. ಉತ್ಖನನದ ದಿನಚರಿಯನ್ನು ತಂದು ನನ್ನ ಮುಂದಿಟ್ಟು ಹೋದರು. ಎರಡು ತಿಂಗಳು ನಾನು ಆ ದಿನಚರಿಯ ರೇಖಾಚಿತ್ರಗಳನ್ನೂ ಬೋಕಿಗಳ ಅಂಚುಗಳನ್ನೂ ಹೋಲಿಸುತ್ತ ಕುಳಿತೆ. ಓರೆ ಬೆಳಕಿನಲ್ಲಿ ಹಿಡಿದಾಗ ಕೆಲವುದರ ಮೇಲೆ ಶಾಯಿಯ ಮಸುಕು ಕಂಡಿತು. ಇನ್ನೂರಕ್ಕೂ ಮಿಕ್ಕ ಚೂರುಗಳಲ್ಲಿ 37ಕ್ಕೆ ಮಾತ್ರ ಅವುಗಳ ಸ್ತರ ಮರಳಿ ದೊರೆಯಿತು. ಆ 37ರಿಂದ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಅವಕ್ಕೆ ಕರಿಯ ಭಾರತಿ ಶಾಯಿಯಲ್ಲಿ ಅಂಕಿ ಬರೆದು ಮೇಲೆ ಮೆರುಗೆಣ್ಣೆ ಹಚ್ಚಿದೆ.

ಕೆಲವು ವರ್ಷಗಳ ಹಿಂದೆ ಆ ಕೋಣೆಗೆ ಮತ್ತೊಮ್ಮೆ ಹೋಗಿದ್ದೆ. ಪೆಟ್ಟಿಗೆ ಅಲ್ಲಿಯೇ ಇತ್ತು. ಉಳಿದ ಬೋಕಿಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟಿದ್ದರು. ಚೀಲದ ಬಾಯಿಗೆ ಹೊಲಿದ ಚೀಟಿಯಲ್ಲಿ ನನ್ನದೇ ಅಕ್ಷರ, ಈಗ ಸ್ವಲ್ಪ ಕಂದಿದೆ: "ಸ್ತರ ತಿಳಿಯದು."