ಬರ್ತಿನ ಪುಸ್ತಕ, ಮುಖದ ಗುರುತು

ಶಂಶಾಬಾದಿನ ವಿಮಾನ ನಿಲ್ದಾಣದ ಪ್ರವೇಶದ್ವಾರದಲ್ಲಿ ಈಗ ಎರಡು ಬಗೆಯ ಸಾಲುಗಳಿವೆ. ಒಂದರಲ್ಲಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಭದ್ರತಾ ಸಿಬ್ಬಂದಿಗೆ ತೋರಿಸಬೇಕು. ಇನ್ನೊಂದರಲ್ಲಿ ಕ್ಯಾಮೆರಾಕ್ಕೆ ಮುಖವೊಡ್ಡಬೇಕು. ಎರಡನೆಯದು ‘ಡಿಜಿ ಯಾತ್ರಾ’. ಹೀಗೆ ಒಡ್ಡಿದ ಮುಖದ ಗುರುತು ಎಲ್ಲಿ ಉಳಿಯುತ್ತದೆ? ತಂತ್ರಾಂಶ ಕಟ್ಟುವವರು ಮೊದಲ ದಿನವೇ ತೀರ್ಮಾನಿಸಬೇಕಾದ ಸಂಗತಿಯಿದು: ದತ್ತಾಂಶವನ್ನು ಒಂದೇ ಭಂಡಾರದಲ್ಲಿಡುವುದೋ, ಹಲವೆಡೆ ಹಂಚುವುದೋ, ಅದು ಯಾರದೋ ಅವರ ಬಳಿಯೇ ಬಿಡುವುದೋ. ಈ ಪ್ರಶ್ನೆಗೆ ನಮ್ಮ ಹೈದರಾಬಾದಿನಲ್ಲಿ ಹಳೆಯದೊಂದು ಉತ್ತರವೂ ಇದೆ.

1980ರ ದಶಕದ ನಡುವೆ ರೈಲ್ವೆ ಟಿಕೆಟ್ ಕಾಯ್ದಿರಿಸುವ ಕೆಲಸಕ್ಕೆ ಕಂಪ್ಯೂಟರ್ ಬಂತು. ದೆಹಲಿ, ಮುಂಬಯಿ, ಕೋಲ್ಕತ, ಚೆನ್ನೈ, ಸಿಕಂದರಾಬಾದುಗಳ ಕೇಂದ್ರಗಳು ಮೊದಲಿಗೆ ಒಂದೊಂದು ದ್ವೀಪ. ಬೇರೆ ಊರಿನಿಂದ ಹಿಂದಿರುಗುವ ಟಿಕೆಟ್ಟಿಗೆ ತಂತಿ ಹೋಗಬೇಕು, ಕೋಟಾ ಇರಬೇಕು, ಅದೃಷ್ಟವೂ ಬೇಕು. ಇವನ್ನು ಬೆಸೆಯಲು ರೈಲ್ವೆಯ ‘ಕ್ರಿಸ್’ ಸಂಸ್ಥೆ ರೂಪಿಸಿದ ‘ಕನ್ಸರ್ಟ್’ ತಂತ್ರಾಂಶ 1994ರಲ್ಲಿ ಮೊದಲು ಚಾಲನೆಗೊಂಡದ್ದು ಸಿಕಂದರಾಬಾದಿನಲ್ಲಿ. 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳು ಒಂದೇ ಜಾಲವಾದವು.

ಎಲ್ಲವನ್ನೂ ದೆಹಲಿಯ ಒಂದೇ ಯಂತ್ರಕ್ಕೆ ತುಂಬಲಿಲ್ಲ. ಹಾಗೆಂದು ಪ್ರತಿ ಕೇಂದ್ರಕ್ಕೂ ಎಲ್ಲ ರೈಲುಗಳ ನಕಲು ಕೊಡಲೂ ಇಲ್ಲ. ಒಂದು ರೈಲಿನ ಬರ್ತುಗಳ ಲೆಕ್ಕ ಯಾವುದೋ ಒಂದು ಕೇಂದ್ರದಲ್ಲಿ ಮಾತ್ರ. ಪುಸ್ತಕ ಅಲ್ಲೇ ಇರುತ್ತದೆ, ಕೋರಿಕೆ ಅದನ್ನು ಹುಡುಕಿಕೊಂಡು ಪ್ರಯಾಣ ಮಾಡುತ್ತದೆ. ಬರ್ತು ಒಂದೇ, ಬೇಡುವವರು ಹಲವರು. ಪುಸ್ತಕದ ಎರಡು ಪ್ರತಿಗಳಿದ್ದರೆ, ಅವು ಪರಸ್ಪರ ಹೊಂದಿಕೊಳ್ಳುವ ಮುನ್ನವೇ ಒಂದೇ ಬರ್ತು ಇಬ್ಬರಿಗೆ ಮಾರಾಟವಾದೀತು. ಸರ್ಕಾರಿ ಕಡತದ ಎರಡು ಪ್ರತಿಗಳು ಎರಡು ಬಗೆಯ ಟಿಪ್ಪಣಿ ಹೊತ್ತು ಎರಡು ವಿಭಾಗಗಳಲ್ಲಿ ಅಲೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮುಖವಾದರೋ ಬರ್ತಿನಂತಲ್ಲ. ಅದಕ್ಕೆ ಪೈಪೋಟಿಯಿಲ್ಲ. ಬಾಗಿಲಲ್ಲಿ ನಿಂತವನನ್ನು ಅವನದೇ ಗುರುತಿನೊಡನೆ ಹೋಲಿಸಿದರೆ ಸಾಕು; ಊರಿನವರೆಲ್ಲರ ಪಟ್ಟಿ ಬೇಕಿಲ್ಲ. ಆಧಾರ್ ಕೇಂದ್ರ ಭಂಡಾರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಬೇರೆ: ಒಬ್ಬನಿಗೆ ಎರಡು ಸಂಖ್ಯೆ ಸಿಗಬಾರದೆಂದರೆ ಹೊಸಬನನ್ನು ಎಲ್ಲರೊಡನೆಯೂ ಹೋಲಿಸಲೇಬೇಕು. ಅಲ್ಲಿ ಬರ್ತಿನ ತರ್ಕವೇ ಮರಳಿ ಬಂತು. ಆ ಆಯ್ಕೆಗೆ ತೆರಬೇಕಾದ ಬೆಲೆಯೇನೆಂದು ನ್ಯಾಯಾಲಯದಲ್ಲಿ ಕೇಳಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರ ಅವರ ಅರ್ಜಿಯಿಂದ ಹೊರಟ ವಾದ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿಗೆ ಮುಟ್ಟಿತು. ಖಾಸಗಿತನ ಮೂಲಭೂತ ಹಕ್ಕೆಂದು ಸ್ಥಾಪಿತವಾಯಿತು. ಮರುವರ್ಷ ಆಧಾರ್ ಕೆಲವು ಮಿತಿಗಳೊಡನೆ ಉಳಿದುಕೊಂಡಿತು.

ಡಿಜಿ ಯಾತ್ರಾ ಬಂದದ್ದು ಇದರ ನಂತರ. 2019ರಲ್ಲಿ ಶಂಶಾಬಾದಿನಲ್ಲಿ ಪ್ರಯೋಗ ನಡೆಯಿತು. 2022ರ ಡಿಸೆಂಬರಿನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾಗಿ ಮರುವರ್ಷ ಇಲ್ಲಿಗೂ ಬಂತು. ಗುರುತು ಪ್ರಯಾಣಿಕನ ಮೊಬೈಲಿನಲ್ಲೇ ಇರುತ್ತದೆ, ಪ್ರಯಾಣಕ್ಕೆ ಮುನ್ನ ನಿಲ್ದಾಣಕ್ಕೆ ಹೋಗುತ್ತದೆ, 24 ಗಂಟೆಗಳೊಳಗೆ ಅಲ್ಲಿಂದ ಅಳಿಸಿಹೋಗುತ್ತದೆ ಎಂಬುದು ನಡೆಸುವವರ ಘೋಷಣೆ. ವಿನ್ಯಾಸವಾಗಿ ಇದು ಸರಿಯಾದ ಆಯ್ಕೆಯೆಂದೇ ನನ್ನ ಅಭಿಪ್ರಾಯ. ಆದರೆ ಸಿಕಂದರಾಬಾದಿನ ಲೆಕ್ಕ ತಪ್ಪಿದ್ದರೆ ಆ ರಾತ್ರಿಯೇ ಬಯಲಾಗುತ್ತಿತ್ತು: ಒಂದೇ ಬರ್ತಿನ ಮುಂದೆ ಇಬ್ಬರು ಹಾಸಿಗೆ ಹಿಡಿದು ನಿಲ್ಲುತ್ತಿದ್ದರು. ಅಳಿಸಬೇಕಾದದ್ದು ಅಳಿಸದೆ ಉಳಿದರೆ ಶಂಶಾಬಾದಿನಲ್ಲಿ ವಿಮಾನ ಹತ್ತಿದವನಿಗೆ ಅದು ಕಾಣುವುದಿಲ್ಲ.