ದಾಳ ಕಲಿಸಿದ ಎಣಿಕೆ

ಜೂಜೆಂದೊಡನೆ ವಾಚಕರಿಗೆ ನೆನಪಾಗುವವರು ರಾಜ್ಯವನ್ನು ಸೋತ ಧರ್ಮರಾಯ ಮತ್ತು ನಳ. ಅರಸರನ್ನು ಅಡವಿಗಟ್ಟಿದ ಅದೇ ದಾಳ ಮನುಷ್ಯನಿಗೆ ಒಂದು ಶಾಸ್ತ್ರವನ್ನೂ ಕಲಿಸಿತೆಂದರೆ ಆಶ್ಚರ್ಯವಾಗಬಹುದು. ಅದೇ ಸಂಭವನೀಯತೆಯ ಗಣಿತ. ಅದರ ಮೊದಲ ಪಾಠಗಳಲ್ಲೊಂದು ನಡೆದದ್ದು 17ನೆಯ ಶತಮಾನದ ಆದಿಭಾಗದಲ್ಲಿ, ಇಟಲಿ ದೇಶದಲ್ಲಿ.

ಮೂರು ದಾಳಗಳನ್ನು ಒಟ್ಟಿಗೆ ಎಸೆದು, ಬಿದ್ದ ಮೊತ್ತಕ್ಕೆ ಪಣವೊಡ್ಡುವ ಆಟ ಅಲ್ಲಿತ್ತು. ಮೊತ್ತ 9 ಆಗಲು ಅಂಕಿಗಳ ಆರು ಜೋಡಣೆಗಳುಂಟು. 10 ಆಗಲೂ ಆರೇ. ಹಾಗಾದರೆ ಎರಡೂ ಸಮವಾಗಿ ಬೀಳಬೇಕಲ್ಲವೆ? ಆಡಿ ಪಳಗಿದವರು ಮಾತ್ರ, ಹತ್ತೇ ಹೆಚ್ಚು ಬೀಳುತ್ತದೆ ಎನ್ನುತ್ತಿದ್ದರು. ಈ ತೊಡಕನ್ನು ಬಿಡಿಸುವಂತೆ ಗೆಲಿಲಿಯೋವಿಗೆ ಅಪ್ಪಣೆಯಾಯಿತು.

ಆತನು ಆಟಗಾರರ ಅನುಭವವನ್ನು ತಳ್ಳಿಹಾಕಲಿಲ್ಲ. ಲೆಕ್ಕವನ್ನೇ ಮತ್ತೆ ಪರೀಕ್ಷಿಸಿದನು. ಮೂರು ದಾಳಗಳಿಗೂ ಬೇರೆ ಬೇರೆ ಬಣ್ಣವಿದೆಯೆಂದು ಭಾವಿಸಿರಿ. ಮೂರರಲ್ಲೂ 3 ಬೀಳುವುದು ಒಂದೇ ರೀತಿಯಲ್ಲಿ. 3, 3, 4 ಎಂಬುದು, 4 ಯಾವ ದಾಳದ ಮೇಲಿದೆ ಎಂಬುದನ್ನನುಸರಿಸಿ, ಮೂರು ರೀತಿ. 1, 2, 6 ಎಂಬುದಾದರೋ ಆರು ರೀತಿ. ಹೀಗೆ ಎಣಿಸಿದರೆ ಒಟ್ಟು 216 ರೀತಿಗಳಲ್ಲಿ 9ಕ್ಕೆ ಸಲ್ಲುವುವು 25, 10ಕ್ಕೆ 27. ವ್ಯತ್ಯಾಸ 108ರಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವನ್ನು ಆಟಗಾರರ ಕಣ್ಣು ಹಿಡಿದಿತ್ತು! ಗೆಲಿಲಿಯೋವಿನ ಈ ಬರಹ ಅಚ್ಚಾದದ್ದು ಅವನು ಕಾಲವಾದ ಎಷ್ಟೋ ವರ್ಷಗಳ ಮೇಲೆ, 1718ರಲ್ಲಿ.

ಆಮೇಲೂ ಘನ ವಿದ್ವಾಂಸರು ಇಲ್ಲಿ ಎಡವಿದ್ದುಂಟು. ಫ್ರಾನ್ಸಿನ ಹೆಸರಾಂತ ಗಣಿತಜ್ಞ ದಾಲಂಬೇರ್ 1754ರಲ್ಲಿ ಅಲ್ಲಿಯ ವಿಶ್ವಕೋಶಕ್ಕೆ ನಾಣ್ಯ ಚಿಮ್ಮುವ ಆಟದ ಮೇಲೊಂದು ಲೇಖನ ಬರೆದನು. ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆಯ ಮಗ್ಗುಲು ಬೀಳುವ ಸಂಭವವೆಷ್ಟು? ಮೊದಲ ಸಲವೇ ಬೀಳಬಹುದು, ಎರಡನೆಯ ಸಲ ಬೀಳಬಹುದು, ಬೀಳದೆಯೂ ಹೋಗಬಹುದು. ಆದ್ದರಿಂದ ಮೂರರಲ್ಲಿ ಎರಡು ಎಂದು ಅವನು ವಾದಿಸಿದನು. ಆದರೆ ಮೊದಲ ಸಲವೇ ಬೀಳುವ ಸಂಭವ ಅರ್ಧ. ಉಳಿದೆರಡೂ ಕಾಲು ಕಾಲು. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು.

ಎರಡು ತಪ್ಪುಗಳ ಬೇರೂ ಒಂದೇ: ಸಮವಲ್ಲದ್ದನ್ನು ಸಮವೆಂದು ಎಣಿಸಿದ್ದು. ಹೆಸರಾಂತವನು ಹೇಳಿದನೆಂದು ನಂಬಬೇಕಾಗಿಲ್ಲ. ನಾನು ಹೇಳಿದೆನೆಂದೂ ಬೇಡ. ಮನೆಯಲ್ಲಿ ಎರಡು ನಾಣ್ಯಗಳನ್ನು ಜೊತೆಯಾಗಿ ನೂರು ಸಲ ಚಿಮ್ಮಿ, ಒಂದರಲ್ಲಾದರೂ ತಲೆ ಬಿದ್ದದ್ದೆಷ್ಟು ಸಲವೆಂದು ಬರೆದಿಡಿ. ಎಣಿಕೆ 67ರ ಕಡೆಗೆ ವಾಲುವುದೋ 75ರ ಕಡೆಗೋ, ನೀವೇ ನೋಡುವಿರಿ.