ಗ್ಯಾನ ಎಲ್ಲಿದೆ?

ಭಾನುವಾರದ ಪೂಜೆ ಮುಗಿದಿತ್ತು. ಚರ್ಚಿನ ಅಂಗಳದಲ್ಲಿ ಒಬ್ಬ ತಾಯಿ ಹದಿನೈದರ ಆಸುಪಾಸಿನ ಮಗನನ್ನು ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದರು. ಪ್ರಬೋಧನೆಯ ಹೊತ್ತಿನಲ್ಲಿ ಮೊಬೈಲು ತೀಡುತ್ತಿದ್ದನೆಂದು ಕಾಣುತ್ತದೆ. ಹುಡುಗ ತಲೆಯೆತ್ತದೆ, ‘ಜ್ಞಾನ ಕೊಡ್ಬೇಡಮ್ಮ’ ಅಂದ.

ಅವನು ರೇಗಿದ್ದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಹಿಂದಿಯ ಈ ಮಾತು ಬೆಂಗಳೂರಿನ ಕಾಲೇಜು ಕಟ್ಟೆಗಳಿಗೆ ಬಂದಿಳಿದು ಈಗ ದೇವಾಲಯದ ಮೆಟ್ಟಿಲನ್ನೂ ಹತ್ತಿದೆ. ಉಪದೇಶ ಸಾಕು ಅನ್ನಲು ಕನ್ನಡದಲ್ಲಿ ಮಾತಿಗೆ ಬರವೇ? ಪುರಾಣ ಬಿಚ್ಚಬೇಡ, ಭಾಷಣ ಬಿಗೀಬೇಡ, ಕೊರೀಬೇಡ, ಹರಿಕಥೆ ನಿಲ್ಸು. ಇಷ್ಟು ಬೈಗುಳದ ಸಾಮಗ್ರಿ ಇದ್ದೂ ನಮ್ಮವರು ಜ್ಞಾನದ ತಂಟೆಗೆ ಹೋಗಿರಲಿಲ್ಲ. ಬುದ್ಧಿಯನ್ನು ಹೇಳುತ್ತಿದ್ದರು, ಕಲಿಸುತ್ತಿದ್ದರು. ಜ್ಞಾನವನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡುವಂತಿರಲಿಲ್ಲ. ಅದು ಬರುತ್ತಿತ್ತು, ಇಲ್ಲವೇ ತಪ್ಪುತ್ತಿತ್ತು. ಬಿಸಿಲಿಗೆ ಕುಸಿದವನಿಗೆ ‘ಜ್ಞಾನ ತಪ್ಪಿತು’ ಅಂದರು, ನೀರು ಚಿಮುಕಿಸಿದ ಮೇಲೆ ‘ಜ್ಞಾನ ಬಂತು’ ಅಂದರು.

ಇನ್ನೊಂದು ತಮಾಷೆ. ಹುಡುಗ ಬೇಡವೆಂದ ಆ ಸರಕನ್ನು ಹಸುಗೂಸಾಗಿದ್ದಾಗಲೇ ಅವನ ನೆತ್ತಿಯ ಮೇಲೆ ಸುರಿದಾಗಿದೆ. ಕಥೋಲಿಕರ ಹಳೆಯ ಕನ್ನಡದಲ್ಲಿ ಅದರ ಹೆಸರೇ ಜ್ಞಾನಸ್ನಾನ. ಪ್ರೊಟೆಸ್ಟಂಟರು ದೀಕ್ಷಾಸ್ನಾನ ಅನ್ನುತ್ತಾರೆ, ಈಚೆಗೆ ನಮ್ಮವರೂ ಸ್ನಾನದೀಕ್ಷೆ ಅನ್ನತೊಡಗಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಂತೂ ಬ್ಯಾಪ್ಟಿಸಂ ಅಂತಲೇ ಅಚ್ಚಾಗುತ್ತದೆ. ಜ್ಞಾನಸ್ನಾನ ತಮಿಳು ಮಲಯಾಳಗಳಲ್ಲೂ ಉಂಟು. 1606ರಲ್ಲಿ ಮಧುರೆಗೆ ಬಂದು ಕಾವಿ ಉಟ್ಟ ಇಟಲಿಯ ಯೇಸುಸಭೆಯ ಗುರು ರಾಬರ್ಟೊ ಡಿ ನೊಬಿಲಿ ತಮಿಳಿನಲ್ಲಿ ಬರೆದ ಧರ್ಮಬೋಧೆಗೆ ಜ್ಞಾನೋಪದೇಶ ಎಂದು ಹೆಸರಿಟ್ಟರು. ಅದೇ ಸಭೆಯ, ಅದೇ ಇಟಲಿಯ ಲಿಯೊನಾರ್ಡೊ ಚಿನ್ನಮಿ ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು. ಸ್ನಾನದ ಹಿಂದೆ ಜ್ಞಾನವನ್ನು ಕಟ್ಟಿದ್ದು ಈ ಬಳಗದವರೇ ಎಂಬುದು ನನ್ನ ಗುಮಾನಿ. ಜ್ಞಾನದ ಸಂಸ್ಕೃತ ಧಾತು ಯಾವುದೆಂದು ಕೇಳುವವರು ನಿಘಂಟು ತೆರೆದು ನೋಡಿಕೊಳ್ಳಲಿ; ನನ್ನ ಆಸಕ್ತಿ ಆ ಸ್ನಾನ ಮಾಡಿಸಿಕೊಂಡವರ ಕಿವಿಯಲ್ಲಿದೆ.

ಚೌರಪ್ಪ, ರಾಯಪ್ಪ, ಅಂತೋಣಪ್ಪ ಎಂದು ಹೆಸರಿಟ್ಟುಕೊಂಡ ಹಳ್ಳಿಯ ಒಕ್ಕಲುಗಳಿಗೆ ಗುರುಗಳು ‘ಜ್ಞಾನ’ ಅಂದಾಗ ಕೇಳಿಸಿದ್ದು ‘ಗ್ಯಾನ’. ಗ್ಯಾನ ಅಂದರೆ ಉಪನಿಷತ್ತಿನ ಜ್ಞಾನವೂ ಅಲ್ಲ, ಶಾಲೆಯ ಸಾಮಾನ್ಯ ಜ್ಞಾನವೂ ಅಲ್ಲ. ‘ನಿನ್ನ ಗ್ಯಾನ ಎಲ್ಲೈತೆ?’ ಅಂದರೆ ಮನಸ್ಸು ಎಲ್ಲಿಗೆ ಹೋಗಿದೆ ಎಂದು. ತವರಿಗೆ ಹೋಗದೆ ಸೊರಗಿದ ಸೊಸೆಗೆ ‘ಅವ್ವನ ಗ್ಯಾನ’. ಮೈಮೇಲೆ ಗ್ಯಾನ ಇಲ್ಲದವನು ಬಿಂದಿಗೆ ಒಡೆಯುತ್ತಾನೆ. ಧ್ಯಾನವೂ ಜ್ಞಾನವೂ ಹಳ್ಳಿಯ ನಾಲಗೆಯ ಮೇಲೆ ಬೆರೆತು ಒಂದೇ ಗ್ಯಾನವಾದವು ಎಂದು ನನ್ನ ವಾದ. ಅದಕ್ಕೆ ತಾಮ್ರಶಾಸನದ ಆಧಾರವಿಲ್ಲ, ಕಿವಿಯ ಆಧಾರವಿದೆ. ನಮ್ಮ ಕಡೆಯ ಒಬ್ಬ ಮುದುಕ ಉಪದೇಶಿ ಜಪ ಹೇಳಿಸುವಾಗ ಬೆತ್ತದಿಂದ ಬೆಂಚು ಕುಟ್ಟಿ ‘ಗ್ಯಾನ ಇಲ್ಲಿ!’ ಅನ್ನುತ್ತಿದ್ದರು. ಅಷ್ಟೇ ಅವರ ದೈವಶಾಸ್ತ್ರ.

ಆ ದೈವಶಾಸ್ತ್ರ ಬೈಬಲಿಗೆ ಚೆನ್ನಾಗಿ ಹೊಂದುತ್ತದೆ. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕೆಂದಾಗ ಅರಸ ಸೊಲೊಮೋನ ದೀರ್ಘಾಯುಸ್ಸು ಕೇಳಲಿಲ್ಲ, ಐಶ್ವರ್ಯ ಕೇಳಲಿಲ್ಲ, ಶತ್ರುಗಳ ತಲೆ ಕೇಳಲಿಲ್ಲ. ಹೀಬ್ರೂ ಮೂಲದಲ್ಲಿ ಅವನು ಕೇಳಿದ್ದು ಆಲಿಸುವ ಹೃದಯ. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡುತ್ತಾ ಬಂದದ್ದು ಅದಾದ ಮೇಲೆ. ಅವನಿಗೆ ಸಾಕ್ಷಿ ಇರಲಿಲ್ಲ, ದಾಖಲೆ ಇರಲಿಲ್ಲ. ಕತ್ತಿ ತರಿಸಿ, ಯಾರ ಕರುಳು ಕೂಗಿತು ಎಂದು ಆಲಿಸಿದ. ಲೂಕನ ಎರಡನೆಯ ಅಧ್ಯಾಯದಲ್ಲಿ ಹನ್ನೆರಡರ ಬಾಲಕ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ಅದೇ ಅಧ್ಯಾಯದ ಕೊನೆಗೆ, ಅವನು ಜ್ಞಾನದಲ್ಲಿ ಬೆಳೆಯುತ್ತಾ ಹೋದ ಎಂಬರ್ಥದ ಮಾತಿದೆ. ದೇವಪುತ್ರನಿಗೇ ಬೆಳೆಯುವ ಕೆಲಸ ಇತ್ತು! ನಮ್ಮಲ್ಲಿ ಮಾತ್ರ ದೃಢೀಕರಣದ ಸಂಸ್ಕಾರ ಪಡೆದ ಮಾರನೆಯ ದಿನವೇ ಧರ್ಮೋಪದೇಶದ ಪುಸ್ತಕ ಅಟ್ಟ ಸೇರುತ್ತದೆ.

ಈಗ ಬೆಳವಣಿಗೆಯನ್ನು ಅಳೆಯುವ ಬಗೆಯೇ ಬೇರೆ. ಬೆಳಗಾದರೆ ಗುಲಾಬಿ ಚಿತ್ರದ ಮೇಲೆ ಒಂದು ವಾಕ್ಯ ವಾಟ್ಸ್ಆ್ಯಪಿಗೆ ಬಂದು ಬೀಳುತ್ತದೆ, ಕಳಿಸಿದವರೂ ಓದಿರುವುದಿಲ್ಲ. ಬೈಬಲ್ ಕ್ವಿಜ್ಜಿನಲ್ಲಿ ಮೆತೂಷೆಲಹ ಬದುಕಿದ್ದು 969 ವರ್ಷ ಎಂದು ಥಟ್ಟನೆ ಹೇಳುವವರಿಗೆ, ಪಕ್ಕದ ಬೆಂಚಿನ ಮುದುಕಿ ಎಷ್ಟು ವಾರದಿಂದ ಪೂಜೆಗೆ ಬಂದಿಲ್ಲ ಎಂದು ಗೊತ್ತಿರುವುದಿಲ್ಲ. ಇದೆಲ್ಲ ಪುರಾಣದ ಬದನೆಕಾಯಿ.

ಆ ಗಾದೆಯ ಬಳಿ ಸ್ವಲ್ಪ ಕೂರೋಣ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಕಥೆ ನಿಮಗೆ ಗೊತ್ತು. ಶಾಸ್ತ್ರಿಗಳು ಗುಡಿಯಲ್ಲಿ ಪುರಾಣ ಹೇಳುತ್ತಾ, ಬದನೆಕಾಯಿ ತಿಂದವರಿಗೆ ನರಕ ತಪ್ಪದು ಅಂದರು. ಮುಂದೆ ಕುಳಿತಿದ್ದ ಹೆಂಡತಿ ಅದನ್ನು ಕೇಳಿ, ಮನೆಗೆ ಓಡಿ, ಮಾಡಿಟ್ಟಿದ್ದ ಎಣ್ಣೆಗಾಯಿಯನ್ನು ತಿಪ್ಪೆಗೆ ಸುರಿದಳು. ಊಟಕ್ಕೆ ಕೂತ ಶಾಸ್ತ್ರಿಗಳು ಕೆಂಡವಾದರು: ‘ಅಯ್ಯೋ ಪೆದ್ದೀ, ಪುರಾಣದ ಬದನೆಕಾಯಿ ಬೇರೆ, ತಿನ್ನೋ ಬದನೆಕಾಯಿ ಬೇರೆ!’ ಎಲ್ಲರೂ ನಗುತ್ತಾರೆ. ಶಾಸ್ತ್ರಿಗಳ ಬೂಟಾಟಿಕೆಗೆ ನಕ್ಕು ಮುಂದೆ ಹೋಗುತ್ತಾರೆ.

ನನಗೆ ಆ ಹೆಂಗಸಿನ ಮೇಲೆ ಕಣ್ಣು. ಕಥೆ ಅವಳನ್ನು ಪೆದ್ದಿ ಮಾಡಿಬಿಟ್ಟಿದೆ, ಆದರೆ ಇಡೀ ಗುಡಿಯಲ್ಲಿ ಗ್ಯಾನ ಇಟ್ಟು ಕೇಳಿದವಳು ಅವಳೊಬ್ಬಳೇ. ಉಳಿದವರು ತೂಕಡಿಸಿದರು, ತಲೆದೂಗಿದರು, ಪ್ರಸಾದ ತಿಂದು ಹೊರಟರು. ಅವರ ಮನೆಗಳಲ್ಲೂ ಆ ರಾತ್ರಿ ಬದನೆಕಾಯಿ ಬೆಂದಿರಬೇಕು. ಇವಳು ಕೇಳಿದ್ದನ್ನು ಮನೆಗೆ ಒಯ್ದಳು, ಮಾಡಿಯೂಬಿಟ್ಟಳು. ಎಣ್ಣೆಗಾಯಿ ಚೆಲ್ಲುವುದು ಸಣ್ಣ ಕೆಲಸವಲ್ಲ: ಎಳೆ ಬದನೆ ಆರಿಸಿ, ತೊಟ್ಟು ಬಿಡದಂತೆ ಸೀಳಿ, ಹುರಿದ ಶೇಂಗಾ ಎಳ್ಳು ಅರೆದು ತುಂಬಿ ಬೇಯಿಸಿದವರಿಗೆ ಆ ನಷ್ಟ ಗೊತ್ತು. ಯಕೋಬನ ಪತ್ರವಿಡೀ ಇವಳ ಪರವಾದ ವಕಾಲತ್ತು. ಕೇಳಿ ಬಿಡುವವನು ಕನ್ನಡಿಯಲ್ಲಿ ಮುಖ ನೋಡಿ ಮರೆತುಹೋದವನಂತೆ ಎಂದು ಅವನ ತಕರಾರು. ಜ್ಞಾನಿ ಯಾರೆಂದು ಮಾತಿನಿಂದಲ್ಲ, ನಡತೆಯಿಂದ ತೋರಿಸಿ ಎಂದು ಅವನ ಸವಾಲು. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯಲ್ಲೂ ಯೇಸುಸ್ವಾಮಿ ಕೇಳಿ ನಡೆದವನನ್ನೇ ಬುದ್ಧಿವಂತ ಅಂದರು. ಆ ಸಂಜೆ ಜ್ಞಾನದಲ್ಲಿ ಒಂದು ಮೆಟ್ಟಿಲು ಏರಿದ್ದು ಪುರಾಣ ಓದಿದ ಗಂಡನಲ್ಲ.

ಇಂಥ ಗಾದೆಗಳ ನಾಡಿನಲ್ಲಿ ಬೈಬಲಿನ ಗಾದೆಗಳ ಪುಸ್ತಕಕ್ಕೆ ಜ್ಞಾನೋಕ್ತಿಗಳು ಎಂದು ಭಾರವಾದ ಹೆಸರಿಟ್ಟದ್ದು ನನ್ನ ಹಳೆಯ ಗೊಣಗಾಟ. ತೆಲುಗರು ಸುಮ್ಮನೆ ಸಾಮೆತಲು, ಅಂದರೆ ಗಾದೆಗಳು, ಅಂದರು. ಆದರೂ ಪುಸ್ತಕದ ಒಳಗೆ ಆ ಹೆಸರಿನ ಗಾಂಭೀರ್ಯವೇನೂ ಇಲ್ಲ: ಸೋಮಾರಿಗೆ ಇರುವೆಯನ್ನು ನೋಡಿ ಕಲಿ ಅನ್ನುತ್ತದೆ, ಜಗಳಗಂಟಿಯ ಜೊತೆ ಬಾಳುವುದಕ್ಕಿಂತ ಮಾಳಿಗೆಯ ಮೂಲೆ ವಾಸಿ ಅನ್ನುತ್ತದೆ. ಅದರಲ್ಲಿ ಜ್ಞಾನವೇ ಒಬ್ಬ ಹೆಂಗಸು. ಸಂತೆಬೀದಿಯಲ್ಲಿ, ಊರಬಾಗಿಲಲ್ಲಿ ನಿಂತು ಕೂಗುತ್ತಾಳೆ. ಅಲ್ಲೂ ಹೋಗುವವರು ‘ಜ್ಞಾನ ಕೊಡಬೇಡ’ ಎಂದೇ ಮುಂದೆ ಹೋಗುತ್ತಾರೆ.

ಪುಸ್ತಕದಲ್ಲಿ 31 ಅಧ್ಯಾಯಗಳಿವೆ. ತಾರೀಖಿಗೆ ಒಂದರಂತೆ ಓದುವ ರೂಢಿ ಬಹಳ ಮನೆಗಳಲ್ಲಿದೆ. ಒಳ್ಳೆಯ ರೂಢಿ, ಬೆಳೆಯಲು ಇಷ್ಟು ಸಾಕು. ಒಂದೇ ತೊಡಕು: ವರ್ಷದ ಐದು ತಿಂಗಳಲ್ಲಿ 31ನೇ ತಾರೀಖು ಇಲ್ಲ. ಆಗ ಬಿಟ್ಟುಹೋಗುವುದು ಕೊನೆಯ ಅಧ್ಯಾಯ. ಅರಸ ಲೆಮುವೇಲನಿಗೆ ತಾಯಿ ಹೇಳಿದ ಬುದ್ಧಿಮಾತು, ಬಾಯಿ ತೆರೆದರೆ ಜ್ಞಾನವೇ ಬರುವ ಗೃಹಿಣಿಯ ವರ್ಣನೆ, ಎರಡೂ ಇರುವುದು ಅದರಲ್ಲೇ. 30ರಂದು ಎರಡು ಅಧ್ಯಾಯ ಓದಿ. ಫೆಬ್ರುವರಿಯಲ್ಲಿ ಕೊನೆಯ ದಿನ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂರಿ.